ಬೊಳ್ಳೆಯ ಎಡಗೈ, ಉರಿಯೆಯ ಎಡಗೈ

"ಅಕ್ಕ, ನಾನು ಸೋತೆ. ನಿಮ್ಮ ಪೇಪರಿನಲ್ಲಿ ಹಾಕಿಬಿಡಿ."

ಕಳೆದ ಗುರುವಾರ ಸಂಜೆ ಮೋನಾಕ ನಮ್ಮ ಜಗಲಿಯಲ್ಲಿ ಕುಳಿತು ಹೀಗೆ ಹೇಳಿದಾಗ ನನಗೆ ಗಾಬರಿಯಾಯಿತು. ಹತ್ತಿರದಲ್ಲಿ ಪಂಚಾಯತ್ ಚುನಾವಣೆಯೂ ಇರಲಿಲ್ಲ. ಮತ್ತೆ ಇವರು ಸೋತದ್ದೆಲ್ಲಿ?

ಬಾಕ್ಸಿಂಗಿನಲ್ಲಂತೆ.

ಮೋನಾಕನಿಗೆ ಅರುವತ್ತು ದಾಟಿದೆ. ನಮ್ಮ ಜಗಲಿಯ ಮೆಟ್ಟಿಲು ಹತ್ತಬೇಕಾದರೆ ಕಂಬ ಹಿಡಿಯುತ್ತಾರೆ. ಪುಂಜಾಲಕಟ್ಟೆಯಲ್ಲಿ ಅವರದು ಚಪ್ಪಲಿ ಅಂಗಡಿ. ಅದಕ್ಕೆ ತಾಗಿಕೊಂಡೇ ನಮ್ಮವರ ಟೈಲರ್ ಅಂಗಡಿ. ಇತ್ತು ಎನ್ನಬೇಕು. ಅಂಗಡಿ ಈಗಲೂ ಉಂಟು, ಟೈಲರ್ ಇಲ್ಲ.

ಕೆಲವು ವಾರ ನಾನು ಈ ಜಾಗಕ್ಕೆ ಬರಲಿಲ್ಲ. ಕಾರಣ ನಿಮ್ಮಲ್ಲಿ ಹಲವರಿಗೆ ಗೊತ್ತು. ಮನೆಯವರೆಗೆ ಬಂದು ಹೋದವರೂ ಇದ್ದೀರಿ. ನಾನು ಬರೆಯದ ವಾರಗಳಲ್ಲಿ ಸಂಪಾದಕರು ಇಲ್ಲಿ ಬೋರ್‌ವೆಲ್ ಜಾಹೀರಾತು ಹಾಕಿದ್ದರು. (ನನ್ನ ಅಂಕಣಕ್ಕಿಂತ ಆಳವಾಗಿತ್ತು ಎಂದು ನೆರೆಮನೆಯ ಮೇಷ್ಟ್ರು ಹೇಳಿದರು.) ಮೊನ್ನೆ ಸಂಪಾದಕರು ಮೂಡುಬಿದಿರೆಯಿಂದ ಫೋನು ಮಾಡಿ, ಏನಾದರೂ ಬರೆಯಿರಿ, ಬರೆದರೆ ಹಗುರ ಆಗ್ತದೆ ಎಂದರು. ಹಗುರವಾದದ್ದೇ ಬರೆಯುವ ಎಂದುಕೊಂಡೆ. ಆದರೆ ಸಿಕ್ಕಿದ್ದು ಹೆವಿವೇಟ್.

ಮೊದಲಿನಿಂದ ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ಮೋನಾಕನ ಭಾವ ದಮ್ಮಾಮಿನಿಂದ ಬರುವಾಗ ಒಂದು ವಿ.ಸಿ.ಆರ್. ತಂದರು. ಜೊತೆಗೆ ಒಂದು ಕ್ಯಾಸೆಟ್ಟು. ಅದರಲ್ಲಿದ್ದದ್ದು ಇಬ್ಬರು ಭಾರೀ ಗಾತ್ರದ ಬಾಕ್ಸರುಗಳ ಕಾಳಗ. ಕಾಪಿಯ ಕಾಪಿಯ ಕಾಪಿ. ಯಾವಾಗ ನೋಡಿದರೂ ಪರದೆಯ ಮೇಲೆ ಮಳೆ. ಇಬ್ಬರದೂ ಬೋಳು ತಲೆ, ಇಬ್ಬರಿಗೂ ಮೀಸೆ, ಇಬ್ಬರೂ ಒಂದೇ ಎತ್ತರ. ಹೆಸರು ಬರೆದು ಬರುವ ಕಡೆ ಪಟ್ಟಿ ಪಟ್ಟಿ ಗೆರೆ. ಕಾಮೆಂಟ್ರಿ ಕೇಳಿದ್ದರೆ ಹೆಸರು ಸಿಗುತ್ತಿತ್ತೋ ಏನೋ. ಆದರೆ ತಮ್ಮ ಮಾತು ತಮಗೆ ಕೇಳುವುದಿಲ್ಲ ಎಂದು ನಮ್ಮವರು, ಮೋನಾಕ ಸೇರಿ ನಮ್ಮ ಮನೆಯ ಟಿ.ವಿ.ಯ ಸೌಂಡ್ ಬಂದ್ ಮಾಡುತ್ತಿದ್ದರು.

ಹೆಸರಿಲ್ಲದಿದ್ದರೆ ಜಗಳ ಆಡುವುದು ಹೇಗೆ? ಕೋಳಿ ಅಂಕ ನೋಡಿ ಬೆಳೆದ ಊರು ನಮ್ಮದು. ಬಿಳಿ ಹುಂಜಕ್ಕೆ ಬೊಳ್ಳೆ, ಬೆಂಕಿ ಬಣ್ಣದ್ದಕ್ಕೆ ಉರಿಯೆ. ಹಾಗೆ ಬಿಳಿ ಚಡ್ಡಿಯವನು ಬೊಳ್ಳೆಯಾದ, ಕೆಂಪು ಚಡ್ಡಿಯವನು ಉರಿಯೆಯಾದ. ನಮ್ಮವರು ಬೊಳ್ಳೆಯ ಕಡೆ. ಮೋನಾಕ ಉರಿಯೆಯ ಕಡೆ. ಆ ಕ್ಯಾಸೆಟ್ಟಿನಲ್ಲಿ ಬೊಳ್ಳೆ ಗೆದ್ದ. ನಮ್ಮವರು ಅಂದು ಮನೆಗೆ ಮೀನು ತಂದದ್ದು ನೋಡಬೇಕಿತ್ತು, ಸ್ವತಃ ತಾವೇ ಯಾರನ್ನೋ ಕೆಡವಿ ಬಂದ ಹಾಗೆ.

ಕೆಲವು ವರ್ಷ ಕಳೆದು ಅದೇ ಭಾವ ಇನ್ನೊಂದು ಕ್ಯಾಸೆಟ್ಟು ತಂದರು. ಅದೇ ಇಬ್ಬರು, ಮತ್ತೊಮ್ಮೆ. ಆಗ ಇಬ್ಬರಿಗೂ ವಯಸ್ಸಾಗಿತ್ತು, ಹೊಟ್ಟೆಯೂ ಬಂದಿತ್ತು. ಈ ಸಲ ಗೆದ್ದದ್ದು ಉರಿಯೆ. ಲೆಕ್ಕ ಸಮ ಸಮ.

ಅಲ್ಲಿಂದ ಶುರು. ಇಬ್ಬರಲ್ಲಿ ನಿಜವಾಗಿ ದೊಡ್ಡವ ಯಾರು?

ನಮ್ಮವರ ವಾದ ಟೈಲರನದು. ಬೊಳ್ಳೆ ತಿರುಗುವಾಗ ಚಡ್ಡಿಯ ಸೊಂಟದಲ್ಲಿ ಒಂದು ನಿರಿಗೆ ಏಳುವುದಿಲ್ಲ, ಅಷ್ಟು ಬ್ಯಾಲೆನ್ಸ್. ಎಡಗೈಯಂತೂ ಹೊಲಿಗೆ ಮಿಷಿನಿನ ಸೂಜಿ, ಹೋದದ್ದು ಕಾಣುವುದಿಲ್ಲ, ಹೊಲಿಗೆ ಬಿದ್ದಿರುತ್ತದೆ. ಮೋನಾಕನ ವಾದ ಚಪ್ಪಲಿಯದು. ಉರಿಯೆಯ ಹಿಮ್ಮಡಿ ನೆಲಕ್ಕೆ ತಾಗುವುದೇ ಇಲ್ಲ, ಅವನ ಶೂ ಸವೆಯುವುದು ಮುಂದಿನಿಂದ ಮಾತ್ರ. ಎಡಗೈ? ಚಪ್ಪಲಿಯ ಅಟ್ಟೆಗೆ ಮೊಳೆ ಹೊಡೆದ ಹಾಗೆ, ಒಂದೇ ಪೆಟ್ಟು.

ಎರಡನೆಯ ಕ್ಯಾಸೆಟ್ಟು ನೋಡಿದ ದಿನ ಇವರಿಗೆ ಒಂದು ಸಣ್ಣ ಸಂಶಯ ಬಂದಿತ್ತು. ಚಹಾ ತಂದಿಟ್ಟ ನನ್ನ ಕಿವಿಗೆ ಬಿದ್ದದ್ದು ಇಷ್ಟು.

"ಮೋನಾಕ, ಬೊಳ್ಳೆ ಸ್ವಲ್ಪ ಕಪ್ಪಾದ ಹಾಗೆ ಕಾಣ್ತಾನಲ್ಲ?"

"ಸೌದಿಗೆ ಹೋಗಿರಬೇಕು ಮಾರಾಯ."

ಸಂಶಯ ಅಲ್ಲಿಗೆ ಮುಗಿಯಿತು. (ಮಾತೆಲ್ಲ ತುಳುವಿನಲ್ಲಿ. ಕನ್ನಡ ಮಾಡಿದ್ದು ನಾನು.)

ಮುಗಿಯದೆ ಉಳಿದದ್ದು ಜಗಳ. ಬಂಟ್ವಾಳಕ್ಕೆ ನೂಲು ತರಲು ಹೋಗುವಾಗ ಬಸ್ಸಿನಲ್ಲಿ ಜಗಳ. ವೇಣೂರಿನಲ್ಲಿ ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲಿ ಜಗಳ. ನನ್ನ ಅಂಕಣವನ್ನು ಗಟ್ಟಿಯಾಗಿ ಓದಿ ಇವರಿಗೆ ಕೇಳಿಸುತ್ತಿದ್ದವರು ಮೋನಾಕ. ಕೊನೆಯ ಸಾಲು ಮುಗಿದ ಕೂಡಲೇ, "ಅದಿರಲಿ, ಉರಿಯೆ..." ಎಂದು ಶುರು ಮಾಡುತ್ತಿದ್ದರಂತೆ. ಆಸ್ಪತ್ರೆಯಲ್ಲೂ ಬಿಡಲಿಲ್ಲ. ಬೊಳ್ಳೆಯ ಪೆಟ್ಟು ಹೇಗೆ ಕೆಳಗಿನಿಂದ ಬರುತ್ತದೆ ಎಂದು ತೋರಿಸಲು ಇವರು ಎಡಗೈ ಎತ್ತಿದರು. ಡ್ರಿಪ್ ಹಾಕಿದ ಕೈ. ನರ್ಸಮ್ಮ ಓಡಿ ಬಂದು ಬೈದದ್ದು ಇವರನ್ನಲ್ಲ, ಮೋನಾಕನನ್ನು. ಅವರು ತಲೆ ತಗ್ಗಿಸಿ ಬೈಸಿಕೊಂಡರು. ಆಕೆ ಆಚೆ ಹೋದದ್ದೇ, "ಉರಿಯೆ ಆಗಿದ್ದರೆ ಆ ಸ್ಟ್ಯಾಂಡ್ ಸಮೇತ ಹೊಡೆಯುತ್ತಿದ್ದ" ಎಂದರು. ಇವರು ನಕ್ಕರು. ನಾನು ನೋಡಿದ ಇವರ ಕೊನೆಯ ನಗು ಅದು.

ಇವರು ಹೋದ ಮೇಲೆ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು. ದೇವರಂಥ ಮನುಷ್ಯ. ಒಂದು ದಿನ ಒಬ್ಬರಿಗೆ ಎದುರು ಮಾತಾಡಿದವರಲ್ಲ. ನಾನು ತಲೆ ಅಲ್ಲಾಡಿಸಿದೆ. ನನಗೆ ಗೊತ್ತಿದ್ದ ಮನುಷ್ಯ ಸಾರಿಗೆ ಉಪ್ಪು ಕಮ್ಮಿಯಾದರೆ ಬಟ್ಟಲು ನೂಕುತ್ತಿದ್ದ. ದೇವರಂಥ ಗಂಡನಿಗೆ ಬ್ಲೌಸಿನ ತೋಳು ಒಂದೇ ಅಳತೆಗೆ ಬರುವುದು ಅಪರೂಪವಾಗಿತ್ತು. ಸತ್ತವರನ್ನು ನಾವು ಯಾಕೆ ಇಷ್ಟು ಬೇಗ ಇಸ್ತ್ರಿ ಮಾಡಿ ಇಡುತ್ತೇವೆ?

ಇಸ್ತ್ರಿ ಮಾಡದವರು ಮೋನಾಕ ಒಬ್ಬರೇ. ಸಂಜೆ ಅಂಗಡಿಯ ಬಾಗಿಲು ಎಳೆದು ನಮ್ಮ ಜಗಲಿಗೆ ಬರುತ್ತಿದ್ದರು. ಚಹಾ ಕುಡಿಯುತ್ತಾ ಗೋಡೆಯ ಮೇಲಿನ ಇವರ ಫೋಟೋ ನೋಡಿ ಬೈಯುತ್ತಿದ್ದರು. ಸಂಜೀವನಿಗೆ ತಲೆ ಇಲ್ಲ ಅಕ್ಕ. ಚಡ್ಡಿ ನೋಡಿ ಮನುಷ್ಯನನ್ನು ಅಳೆಯಲಿಕ್ಕೆ ಆಗ್ತದಾ? ಆ ಸ್ವಲ್ಪ ಹೊತ್ತು ನನ್ನ ಗಂಡ ಫೋಟೋ ಆಗಿರುತ್ತಿರಲಿಲ್ಲ. ಒಳ ಕೋಣೆಯಿಂದ ಈಗ ಉತ್ತರ ಕೊಟ್ಟಾರು ಎಂಬ ಹಾಗೆ ಇರುತ್ತಿತ್ತು.

ಅಂಥ ಮೋನಾಕ ಗುರುವಾರ ರಿಕ್ಷಾದಲ್ಲಿ ಆ ವಿ.ಸಿ.ಆರ್. ಮತ್ತು ಎರಡು ಕ್ಯಾಸೆಟ್ಟು ತಂದು ಜಗಲಿಯಲ್ಲಿ ಇಟ್ಟರು. ಆಮೇಲೆ ಹೇಳಿದ್ದೇ ಮೇಲಿನ ಮಾತು.

"ಸತ್ತವರ ಹತ್ತಿರ ತಕರಾರು ಇಟ್ಟುಕೊಳ್ಳಬಾರದು ಅಕ್ಕ. ಬೊಳ್ಳೆಯೇ ದೊಡ್ಡವ, ಸಂಜೀವ ಹೇಳಿದ್ದೇ ಸರಿ ಅಂತ ಬರೀರಿ. ನಾಲ್ಕು ಜನ ಓದಲಿ. ಮತ್ತೆ ನನಗೂ ದಿನಾ ಬಂದು ನಿಮಗೆ ತೊಂದರೆ ಕೊಡುವ ಕೆಲಸ ಇಲ್ಲ."

ತೊಂದರೆಯಂತೆ. ಕಂಬ ಹಿಡಿದು ಇಳಿದು ಹೋದರು. ಚಹಾ ಅರ್ಧ ಉಳಿದಿತ್ತು.

ನಾನು ಬಹಳ ಯೋಚಿಸಿದೆ. ಬರೆದರೆ ಇವರು ಗೆಲ್ಲುತ್ತಾರೆ. ಗೆದ್ದ ಕೂಡಲೇ ಪೂರ್ತಿ ಸಾಯುತ್ತಾರೆ. ಬೈಯುವವರೇ ಇಲ್ಲದ ಮೇಲೆ ಉಳಿಯುವುದು ಆ ದೇವರಂಥ ಮನುಷ್ಯ ಮಾತ್ರ. ಬರೆಯದಿದ್ದರೆ ಮೋನಾಕನ ಮನಸ್ಸಿನ ಭಾರ ಹಾಗೇ ಉಳಿಯುತ್ತದೆ. ಕೊನೆಗೆ, ತೀರ್ಪು ಬರೆಯುವ ಮೊದಲು ಪಂದ್ಯವನ್ನಾದರೂ ನೋಡುವ ಎಂದು ಶುಕ್ರವಾರ ಮಧ್ಯಾಹ್ನ ವಿ.ಸಿ.ಆರ್. ಜೋಡಿಸಿದೆ. ಇಷ್ಟು ವರ್ಷ ಚಹಾ ಕೊಟ್ಟದ್ದು ಬಿಟ್ಟರೆ ನಾನು ಅದನ್ನು ಕೂತು ನೋಡಿದವಳಲ್ಲ.

ಗಂಡಸರು ಯಾವಾಗಲೂ ಒಬ್ಬ ನೆಲಕ್ಕೆ ಬಿದ್ದ ಕೂಡಲೇ ಕ್ಯಾಸೆಟ್ಟು ನಿಲ್ಲಿಸಿ ಹಿಂದೆ ತಿರುಗಿಸುತ್ತಿದ್ದರು, ಬಿದ್ದದ್ದನ್ನೇ ಇನ್ನೊಮ್ಮೆ ನೋಡಲು. ನನಗೆ ಹಿಂದೆ ತಿರುಗಿಸಲು ಬರುವುದಿಲ್ಲ. ಹಾಗಾಗಿ ಮುಂದೆ ಓಡಿತು.

ಮೊದಲನೆಯದರ ಕೊನೆಯಲ್ಲಿ ಒಬ್ಬಳು ಹೆಂಗಸು ಜನರನ್ನು ನೂಕಿಕೊಂಡು ಮೇಲೆ ಹತ್ತಿದಳು. ಮುಂದಿನ ಹಲ್ಲುಗಳ ನಡುವೆ ದೊಡ್ಡ ಸಂದು. ಗೆದ್ದ ಬಿಳಿ ಚಡ್ಡಿಯವನ ಬೆನ್ನಿಗೆ ಮೊದಲು ಒಂದು ಗುದ್ದು ಕೊಟ್ಟಳು, ಆಮೇಲೆ ಅಪ್ಪಿಕೊಂಡಳು. ಹೆಂಡತಿ. ಸಂಶಯವೇ ಇಲ್ಲ. ಬೇರೆ ಯಾರು ಅಷ್ಟು ದೊಡ್ಡ ಗಂಡಸಿಗೆ ಹಾಗೆ ಗುದ್ದುತ್ತಾರೆ?

ಎರಡನೆಯದು ಹಾಕಿದೆ. ಕೆಂಪು ಚಡ್ಡಿಯವನು ಗೆದ್ದ. ಒಬ್ಬಳು ಹೆಂಗಸು ನೂಕಿಕೊಂಡು ಮೇಲೆ ಬಂದಳು. ಕೂದಲು ನರೆತಿತ್ತು, ಮೈ ಬಂದಿತ್ತು. ಹಲ್ಲಿನ ಸಂದು ಅದೇ. ಮೊದಲು ಬೆನ್ನಿಗೆ ಗುದ್ದು, ಆಮೇಲೆ ಅಪ್ಪುಗೆ.

ಗಂಡ ಬದಲಾಗಿರಲಿಲ್ಲ. ಚಡ್ಡಿ ಬದಲಾಗಿತ್ತು.

ಎರಡು ಸಲವೂ ಗೆದ್ದದ್ದು ಒಬ್ಬನೇ. ಬೊಳ್ಳೆಯ ಎಡಗೈ ಮತ್ತು ಉರಿಯೆಯ ಎಡಗೈ ಒಂದೇ ಎಡಗೈ. ಟೈಲರ್ ಬಟ್ಟೆ ನೋಡಿದರು, ಚಪ್ಪಲಿ ಅಂಗಡಿಯವರು ಕಾಲು ನೋಡಿದರು. ಮುಖ ನೋಡುವ ಕೆಲಸ ಯಾರದಾಗಿತ್ತು? ಇಷ್ಟೂ ವರ್ಷ ಇಬ್ಬರೂ ಗಂಟಲು ಹರಿದುಕೊಂಡದ್ದು ಒಂದೇ ಮನುಷ್ಯನ ಪರವಾಗಿ. ನಾನು ಒಬ್ಬಳೇ ಕೂತು ನಕ್ಕೆ. ಇವರು ಹೋದ ಮೇಲೆ ನಕ್ಕದ್ದು ಅದೇ ಮೊದಲು. ಪಕ್ಕದ ಮನೆಯವರು ಅಳು ಎಂದುಕೊಂಡು ಓಡಿ ಬಂದರು. ಅವರು ಬಂದು ಮುಟ್ಟುವಾಗ ಅಳುವೇ ಆಗಿತ್ತು.

ಕ್ಯಾಸೆಟ್ಟು ಇನ್ನೂ ಓಡುತ್ತಿತ್ತು. ಆಚೆ ಮೂಲೆಯಲ್ಲಿ ಸೋತವನು ಸ್ಟೂಲಿನ ಮೇಲೆ ಕುಳಿತಿದ್ದ. ಕ್ಯಾಮರಾಕ್ಕೆ ಅವನು ಬೇಡ, ಬದಿಯಲ್ಲಿ ಚೂರು ಕಾಣುತ್ತಿದ್ದ ಅಷ್ಟೆ. ಅವನ ಹತ್ತಿರವೂ ಒಬ್ಬಳು ಇದ್ದಳು. ಕೈಯಲ್ಲಿ ಮಡಚಿದ ಶರ್ಟು. ಬಿಡಿಸಿ, ನೋಯದ ಹಾಗೆ ಮೊದಲು ಎಡಗೈಗೆ ತೋಳು ಏರಿಸಿದಳು. ಆಸ್ಪತ್ರೆಯಲ್ಲಿ ನಾನು ಹಾಗೆಯೇ ಮಾಡುತ್ತಿದ್ದೆ. ಮೊದಲು ಡ್ರಿಪ್ಪಿನ ಕೈ.

ಆದ್ದರಿಂದ ಮೋನಾಕ, ಈ ಪೇಪರು ನಿಮ್ಮ ಅಂಗಡಿಗೆ ಬಂದಾಗ ನೀವೇ ಗಟ್ಟಿಯಾಗಿ ಓದಿ. ಪಕ್ಕದ ಅಂಗಡಿ ಮುಚ್ಚಿದ್ದರೂ ಅಡ್ಡಿಯಿಲ್ಲ. ನೀವು ಸೋತಿಲ್ಲ. ಇವರೂ ಸೋತಿಲ್ಲ. ನಿಮ್ಮ ನಡುವೆ ತಕರಾರು ಯಾವತ್ತೂ ಇರಲೇ ಇಲ್ಲ. ಕ್ಯಾಸೆಟ್ಟು ಇಲ್ಲೇ ಉಂಟು, ಬೇಕಾದರೆ ನೋಡಿ.

ಆದರೆ ಎರಡು ಸಲ ಬಿದ್ದ ಆ ಇನ್ನೊಬ್ಬನ ಪರವಾಗಿ ಪುಂಜಾಲಕಟ್ಟೆಯಲ್ಲಿ ಇಂದಿನವರೆಗೆ ಒಬ್ಬರೂ ಬಾಯಿ ತೆರೆದಿಲ್ಲ. ಎರಡನೆಯ ಸಲ ಬರಲಿಕ್ಕೆ ಅವನಿಗೆ ಎಷ್ಟು ಧೈರ್ಯ ಬೇಕಿತ್ತು! ನನ್ನ ಪ್ರಕಾರ ದೊಡ್ಡವ ಅವನೇ.

ಚಹಾಕ್ಕೆ ನೀರಿಟ್ಟಿರುತ್ತೇನೆ. ಅಲ್ಲ ಎನ್ನಲಿಕ್ಕೆ ಸಂಜೆ ಬರ್ತೀರಲ್ಲ?