ಅಳಿಸಿದ ಹನ್ನೊಂದು ಸೆಕೆಂಡು

ನಸ್ರೀನ್ ಕಾಜಿ ಕರಾಚಿಯಲ್ಲಿ ಇಪ್ಪತ್ತಾರು ವರ್ಷ ಪತ್ರಕರ್ತೆಯಾಗಿದ್ದವಳು. ಮೊದಲ ಎಂಟು ವರ್ಷ ಕೋರ್ಟು, ಪೊಲೀಸು, ಮುಷ್ಕರ ಎಂದು ಸುತ್ತಿದಳು. ಸೈನ್ಯದ ಆಡಳಿತ ಬಂದದ್ದೇ ತಡ, ಸಂಪಾದಕರು ಆಕೆಯನ್ನು ಮಹಿಳಾ ಪುಟಕ್ಕೆ ತಳ್ಳಿದರು. "ಅಡುಗೆ ಬರಿ, ಕಸೂತಿ ಬರಿ, ಸದ್ಯ ಜೀವ ಉಳಿಸ್ಕೋ" ಎಂದರು.

ಆಕೆ ಅಡುಗೆ ಬರೆಯಲಿಲ್ಲ. ಟೇಪ್ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ಮದುವೆ ಮನೆಗಳಿಗೆ ಹೊರಟಳು. ಹಾಡುವ ಮುದುಕಿಯರನ್ನು ಹುಡುಕಿದಳು. ಯಾವ ಹಾಡು ಯಾವ ಊರಿನಿಂದ ಬಂತು, ಯಾರು ಯಾರ ಬಾಯಿಂದ ಕಲಿತರು, ಗಡಿ ದಾಟುವಾಗ ಯಾವ ಸಾಲು ಬಿಟ್ಟುಹೋಯಿತು, ಎಲ್ಲವನ್ನೂ ವಾರವಾರ ಬರೆದಳು. ಶಿಕ್ಷೆಯೆಂದು ಕೊಟ್ಟ ಪುಟದಿಂದಲೇ ಜನ ಆಕೆಯನ್ನು ಇತಿಹಾಸಕಾರ್ತಿ ಎಂದು ಗುರುತಿಸತೊಡಗಿದರು. ಮನೆಯಲ್ಲಿ ಮುನ್ನೂರು ಕ್ಯಾಸೆಟ್ಟು ಸೇರಿದವು. ಒಂದನ್ನೂ ಆಕೆ ಕತ್ತರಿಸಿದವಳಲ್ಲ, ಅಳಿಸಿದವಳಲ್ಲ. ಕೆಮ್ಮು ಬಂದರೆ ಕೆಮ್ಮೂ ಇರಲಿ ಎನ್ನುತ್ತಿದ್ದಳು.

ತೊಂಬತ್ತೈದರ ಬೇಸಿಗೆಯಲ್ಲಿ ಸಭಾಗಿ ಎಂಬ ಎಪ್ಪತ್ತರ ಹಾಡುಗಾರ್ತಿಯ ಮನೆಗೆ ಹೋಗಿದ್ದಳು. ಅವರ ವಂಶದಲ್ಲೊಂದು ಪದ್ಧತಿ: ಹಾಡಿನ ಕೊನೆಯ ನುಡಿಯಲ್ಲಿ ಹಾಡಿದವಳು ತನ್ನ ಹೆಸರು, ತನ್ನ ಓಣಿಯ ಹೆಸರು ಸೇರಿಸಬೇಕು. ಸಭಾಗಿ ಹಾಗೆಯೇ ಹಾಡಿ ಮುಗಿಸಿದಳು. ಟೇಪು ಇನ್ನೂ ತಿರುಗುತ್ತಿತ್ತು. ಮುದುಕಿ ಇದ್ದಕ್ಕಿದ್ದಂತೆ ದನಿ ತಗ್ಗಿಸಿ, ಮೂರು ದಿನದ ಹಿಂದೆ ಮಹಡಿಯಿಂದ ತಾನು ಕಂಡದ್ದನ್ನು ಹೇಳಿದಳು. ಪಕ್ಕದ ಓಣಿಯ ಹುಡುಗನನ್ನು ಪೊಲೀಸರು ಕೈ ಕಟ್ಟಿ ನಿಲ್ಲಿಸಿ ಗುಂಡು ಹೊಡೆದಿದ್ದರು. ಪತ್ರಿಕೆಗಳಲ್ಲಿ ಅದು ಗುಂಡಿನ ಕಾಳಗವೆಂದು ಬಂದಿತ್ತು.

ನಸ್ರೀನ್ ಸಾಕ್ಷಿಯ ಹೆಸರು ಬಿಟ್ಟು, ಹಾಡು ಮುಗಿಸಿದ ಮುದುಕಿಯೊಬ್ಬಳು ಟೇಪಿನಲ್ಲಿ ಹೇಳಿದ್ದೆಂದಷ್ಟೇ ಸೂಚಿಸಿ ಸುದ್ದಿ ಬರೆದಳು. ಸಂಪಾದಕರು ಹೆದರಿ ಆಕೆಯ ಹೆಸರನ್ನೂ ತೆಗೆದು ಅಚ್ಚು ಹಾಕಿದರು. ಆದರೂ ನಾಲ್ಕನೆಯ ದಿನ ಮನೆಯ ಬಾಗಿಲು ಮುರಿದಿತ್ತು, ಕ್ಯಾಸೆಟ್ಟುಗಳು ನೆಲದ ತುಂಬ ಚೆಲ್ಲಿದ್ದವು. ಆ ಕ್ಯಾಸೆಟ್ಟು ಮಾತ್ರ ಆಕೆಯ ಕೈಚೀಲದಲ್ಲಿತ್ತು. ತಿಂಗಳೊಳಗೆ ಆಕೆ ಒಡೆಯದೆ ಉಳಿದ ಕ್ಯಾಸೆಟ್ಟುಗಳೊಂದಿಗೆ ಅಮೆರಿಕಕ್ಕೆ ಬಂದಿಳಿದು, ಗೈದರ್ಸ್‌ಬರ್ಗ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಒಂಟಿಯಾಗಿ ಉಳಿದು, ಆಶ್ರಯ ಕೋರಿ ಅರ್ಜಿ ಹಾಕಿದಳು.

ಆ ಕಟ್ಟಡದ ಬಟ್ಟೆ ಒಗೆಯುವ ಕೋಣೆಯಲ್ಲಿ ಒಂದು ದಿನ ಒಬ್ಬ ಹೆಂಗಸು ಮಷೀನಿಗೆ ಬೈಯುತ್ತಿದ್ದಳು. "ಈ ಸುಡಗಾಡ ಬಾಗ್ಲಾ ತೆಗೀವಲ್ದಲ್ಲಾ!"

ನಸ್ರೀನ್ ನಿಂತಲ್ಲೇ ನಿಂತಳು. ನಲವತ್ತೈದು ವರ್ಷ ಆಡದ ಭಾಷೆ. "ಜೋರ್ ಎಳೀರಿ, ಬರತೈತಿ" ಎಂದು ಬಾಯಿಂದ ಬಂದೇಬಿಟ್ಟಿತು.

"ಅಯ್ಯ, ನೀವು ನಮ್ ಕಡೆಯವ್ರೇನ್ರಿ?"

"ಹುಬ್ಬಳ್ಳಿಯಾಕಿ. ಹತ್ತು ವರ್ಷದಾಕಿ ಇದ್ದಾಗ ಅಪ್ಪಾ ಕರಾಚಿಗೆ ಕರಕೊಂಡ್ ಹೋದ್ರು."

ಧಾರವಾಡದ ಶಾಂತಾಬಾಯಿ ಆವತ್ತೇ ಊಟಕ್ಕೆ ಎಳೆದೊಯ್ದಳು. ಅವಳ ಮಗಳು ನಮ್ರತಾ ವಕೀಲೆ. ನಿರಾಶ್ರಿತರ ಮೊಕದ್ದಮೆಗಳನ್ನು ಶುಲ್ಕವಿಲ್ಲದೆ ನಡೆಸುವ ಒಂದು ಸಂಸ್ಥೆಯಲ್ಲಿದ್ದಳು. ನಸ್ರೀನಳ ಅರ್ಜಿ ಅವಳ ಕೈಗೆ ಹೋಯಿತು.

ಮರುವರ್ಷ ಮಾರ್ಚಿನಲ್ಲಿ ಹತ್ತಿರದ ರೆಸ್ಟನ್ ಊರಿನ ಒಂದು ಸಭಾಂಗಣದಲ್ಲಿ ಮದುವೆ ಹಾಡುಗಳ ಬಗ್ಗೆ ನಸ್ರೀನ್ ಮಾತಾಡಿದಳು. ಎರಡು ಹಾಡು ಕೇಳಿಸಿದಳು. ಜನ ಎದ್ದು ಹೋಗುವಾಗ ಬೂದು ಸೂಟಿನವನೊಬ್ಬ ಹತ್ತಿರ ಬಂದು ಉರ್ದುವಿನಲ್ಲಿ ಬಹಳ ಹೊಗಳಿದ. ಆಮೇಲೆ ನಗುತ್ತಲೇ ಕೇಳಿದ:

"ಇನ್ನೊಂದು ಟೇಪಿದೆಯಂತಲ್ಲ? ಹಾಡು ಮುಗಿದಮೇಲೆ ಮುದುಕಿ ಏನೋ ಮಾತಾಡಿದ್ದಾಳಂತೆ. ಯಾರು ಆಕೆ?"

ನಸ್ರೀನ್ ಕ್ಯಾಸೆಟ್ಟುಗಳನ್ನು ಚೀಲಕ್ಕೆ ತುಂಬಿದಳು. "ಅಂಥ ಟೇಪು ಇಲ್ಲ."

"ಯೋಚಿಸಿ ನೋಡಿ. ನಿಮ್ಮ ತಮ್ಮ ಈಗಲೂ ಕರಾಚಿಯ ಅದೇ ಮನೆಯಲ್ಲಿದ್ದಾರಲ್ಲವೇ?"

ಆತ ಹೆಸರು ಹೇಳದೆ ಹೋದ. ವಾಪಸು ಬರುವ ದಾರಿಯುದ್ದಕ್ಕೂ ಆಕೆ ಹಿಂದಿನ ಕಾರುಗಳನ್ನೇ ತಿರುತಿರುಗಿ ನೋಡಿದಳು. ಕಾರು ಓಡಿಸುತ್ತಿದ್ದವಳು ಶಾಂತಾಬಾಯಿ. ಮನೆ ಮುಟ್ಟಿದ ಮೇಲೆ, "ಇವತ್ತ ನಮ್ಮಲ್ಲೇ ಮಲಕೋರಿ ಅಕ್ಕಾರ" ಎಂದಳಷ್ಟೆ.

ತಮ್ಮನಿಗೆ ಫೋನ್ ಮಾಡಿ ಬೇರೆ ಊರಿಗೆ ಹೋಗೆಂದಳು. ಅವನು ಹೆಂಡತಿ ಮಕ್ಕಳೊಂದಿಗೆ ಹೋದ. ಆಮೇಲೆ ವರ್ಷವಿಡೀ ಫೋನ್ ರಿಂಗಾದರೆ ಸಾಕು, ಆಕೆ ಮೊದಲು ಬಾಗಿಲ ಚಿಲಕ ನೋಡಿ ಬರುತ್ತಿದ್ದಳು. ಕೆಲವು ಸಲ ಆ ತುದಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ತೊಂಬತ್ತೇಳರ ಜೂನ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ವಿಚಾರಣೆ ನಿಗದಿಯಾಯಿತು. ಅದರ ಹಿಂದಿನ ಭಾನುವಾರ ಮಧ್ಯಾಹ್ನ ಮೂವರೂ ಶಾಂತಾಬಾಯಿಯ ಅಡುಗೆಮನೆಯಲ್ಲಿ ಕುಳಿತರು.

"ಆಂಟಿ, ಆ ನ್ಯೂಸಲ್ಲಿ ನಿಮ್ ನೇಮ್ ಇಲ್ಲ. ನೀವೇ ಬರೆದ್ರಿ ಅಂತ ಪ್ರೂವ್ ಮಾಡೋಕೆ ಟೇಪ್ ಒಂದೇ ಇರೋದು" ಎಂದಳು ನಮ್ರತಾ.

"ಕೊಟ್ರ ಸಭಾಗಿ ಹೆಸರು ಫೈಲಿನಾಗ ಸೇರತೈತಿ. ಕೇಳೋರು ಕಾಯ್ತಾನೇ ಅದಾರ" ಎಂದಳು ನಸ್ರೀನ್.

"ಕಾಪಿ ಮಾಡಿ ಹೆಸರು ತೆಗದು ಕೊಡ್ರಲ್ಲ" ಎಂದಳು ಶಾಂತಾಬಾಯಿ.

"ಅವ್ರು ಒರಿಜಿನಲ್ ಕೇಳ್ತಾರೆ ಅಮ್ಮಾ. ಶ್ಯೂರ್ ಆಗಿ ಕೇಳ್ತಾರೆ."

ನಸ್ರೀನ್ ಕ್ಯಾಸೆಟ್ಟನ್ನು ಅಂಗೈಯಲ್ಲಿಟ್ಟು ನೋಡಿದಳು. ಸಭಾಗಿಯ ಅಜ್ಜಿಯ ಅಜ್ಜಿಯಿಂದ ಬಂದ ಹಾಡು, ಬೇರೆಲ್ಲೂ ದಾಖಲಾಗಿರಲಿಲ್ಲ. ಹೆಸರು ಅಳಿಸಿದರೆ ಕೊನೆಯ ನುಡಿಯೇ ಹೋಗುತ್ತದೆ. ಆ ನುಡಿಯ ಧಾಟಿ ಬೇರೆ, ಅದು ತನಗೆ ಪೂರ್ತಿ ನೆನಪಿಲ್ಲ. ಪೂರ್ತಿ ಪ್ರತಿ ಮಾಡಿ ಎಲ್ಲಿ ಬಚ್ಚಿಟ್ಟರೂ ಒಂದು ದಿನ ಕೇಳುವವರ ಕೈಗೆ ಸಿಕ್ಕೀತು. ಆದರೆ ಹೆಸರಿಲ್ಲದಿದ್ದರೆ, ಮದುವೆ ಹಾಡು ಹಾಡುವ ಮುದುಕಿಯರು ಆ ಊರಲ್ಲಿ ನೂರು ಜನ ಇದ್ದರು. ಆ ಹೆಸರಿನವಳು, ಆ ಓಣಿಯವಳು ಒಬ್ಬಳೇ.

ಆಕೆ ರೆಕಾರ್ಡರಿಗೆ ಕ್ಯಾಸೆಟ್ಟು ಹಾಕಿ, ಆ ನುಡಿಯನ್ನು ಕಣ್ಣು ಮುಚ್ಚಿ ಎರಡು ಸಲ ಕೇಳಿದಳು. ಹಿಂದಕ್ಕೆ ಸುತ್ತಿದಳು. ಕೆಂಪು ಗುಂಡಿ ಒತ್ತಿದಳು. ಹನ್ನೊಂದು ಸೆಕೆಂಡಿಗೆ ನಿಲ್ಲಿಸಿ, ಎದ್ದು ಹೋಗಿ ಸಿಂಕಿನ ನಲ್ಲಿ ಬಿಟ್ಟು ಮುಖ ತೊಳೆದುಕೊಂಡಳು. ಶಾಂತಾಬಾಯಿ ಟವೆಲ್ಲು ಹಿಡಿದು ಹಿಂದೆಯೇ ನಿಂತಿದ್ದಳು.

ವಿಚಾರಣೆಯ ದಿನ ಸರ್ಕಾರಿ ವಕೀಲ ಬಿಡಲಿಲ್ಲ. "ಟೇಪಿನಲ್ಲಿ ಖಾಲಿ ಜಾಗವಿದೆ. ಯಾರೋ ತಿದ್ದಿದ್ದಾರೆ."

"ನಾನೇ ಅಳಿಸಿದೆ" ಎಂದಳು ನಸ್ರೀನ್.

ನಮ್ರತಾ ತಲೆ ತಗ್ಗಿಸಿದಳು. ನ್ಯಾಯಾಧೀಶರು ಕನ್ನಡಕ ತೆಗೆದರು. "ಅಲ್ಲಿ ಏನಿತ್ತು?"

"ಆಕೆಯ ಹೆಸರು."

"ಈಗ ಹೇಳಿ. ಇಲ್ಲಿ ಗುಟ್ಟಾಗಿಡುತ್ತೇವೆ."

"ಕ್ಷಮಿಸಿ, ಆಗುವುದಿಲ್ಲ."

"ಇದರಿಂದ ನಿಮ್ಮ ಅರ್ಜಿ ಬಿದ್ದುಹೋಗಬಹುದು, ಗೊತ್ತೇ?"

"ಗೊತ್ತು."

ನ್ಯಾಯಾಧೀಶರು ಏನೋ ಬರೆದುಕೊಂಡರು. ಮುಖದಲ್ಲಿ ಏನೂ ಕಾಣಲಿಲ್ಲ. ತೀರ್ಪು ಅಂಚೆಯಲ್ಲಿ ಬರುತ್ತದೆ ಎಂದರು.

ಹದಿನಾಲ್ಕು ವಾರ ಕಳೆದವು. ನಸ್ರೀನ್ ಎರಡು ಸೂಟ್‌ಕೇಸು ಕಟ್ಟಿಟ್ಟು, ಉಳಿದ ಪಾತ್ರೆಗಳನ್ನು ಶಾಂತಾಬಾಯಿಗೆ ಕೊಟ್ಟಳು. ಲಕೋಟೆ ಬಂದಾಗ ಅದನ್ನು ಒಡೆಯದೆ ನಮ್ರತಾಳ ಕೈಗೆ ಕೊಟ್ಟಳು. ನಮ್ರತಾ ಓದಿದಳು. ಸಾಕ್ಷಿಯನ್ನು ಉಳಿಸಲು ತನ್ನ ಮೊಕದ್ದಮೆಯನ್ನೇ ಪಣಕ್ಕಿಟ್ಟವಳ ಮಾತನ್ನು ನಂಬುತ್ತೇನೆ ಎಂದು ನ್ಯಾಯಾಧೀಶರು ಬರೆದಿದ್ದರು. ಆಶ್ರಯ ಸಿಕ್ಕಿತ್ತು.

"ಪಾತ್ರೆ ವಾಪಸ್ ತಗೊಂಡ್ ಹೋಗ್ರಿ ಮತ್ತ!" ಎಂದು ಶಾಂತಾಬಾಯಿ ಅತ್ತಳು.

ಮುಂದೆ ನಸ್ರೀನ್ ದಕ್ಷಿಣ ಕೆರೊಲಿನಾದ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹಿಡಿದು ಫೋರ್ಟ್ ಮಿಲ್‌ಗೆ ಹೋದಳು. ಮದುವೆ ಹಾಡುಗಳ ಪುಸ್ತಕ ತೊಂಬತ್ತೊಂಬತ್ತರಲ್ಲಿ ಹೊರಬಂತು. ಒಂದು ಹಾಡಿನ ಕೊನೆಯಲ್ಲಿ ಬರೀ ಚುಕ್ಕೆಗಳಿದ್ದವು. ಕರಾಚಿಯ ವಿದ್ವಾಂಸರೊಬ್ಬರು ವಿಮರ್ಶೆಯಲ್ಲಿ, ಇಷ್ಟು ಮುಖ್ಯವಾದ ನುಡಿಯನ್ನು ಕಳೆದ ಸಂಗ್ರಾಹಕಿಯ ಅಸಡ್ಡೆ ಕ್ಷಮಿಸತಕ್ಕದ್ದಲ್ಲ ಎಂದು ಬರೆದರು. ಶಾಂತಾಬಾಯಿ ಅದನ್ನು ಫೋನಿನಲ್ಲಿ ಓದಿಸಿಕೊಂಡು ಕೆರಳಿದಳು. "ಉತ್ತರಾ ಬರೀರಿ ಅಕ್ಕಾರ, ಸುಮ್ನ್ಯಾಕ ಕುಂತೀರಿ?"

"ಬರ್ಯಾಂಗಿಲ್ರಿ" ಎಂದಳು ನಸ್ರೀನ್. "ಆ ಮುದುಕಿ ಇನ್ನೂ ಬದುಕ್ಯಾಳ."