ಲೋಟ ಬೋರಲು ಹಾಕಿ ಬರೆದ ಠರಾವು

ಫೈಲಕ್ಕ ಬುಧವಾರ ಬೆಳಗಿನ ಜಾವ ತೀರಿಕೊಂಡಳು. ನಿದ್ದೆಯಲ್ಲೇ ಹೃದಯ ನಿಂತಿತ್ತು. ನಮ್ಮ ಪುರಸಭೆಯಲ್ಲಿ ಇಪ್ಪತ್ತಾರು ವರ್ಷ ಅವಳು ಗುಮಾಸ್ತೆ, ಎದುರು ಮೇಜಿನ ಟೈಪಿಸ್ಟ್ ನಾನು.

ಕಂಕುಳಲ್ಲಿ ಸದಾ ಒಂದು ಫೈಲು ಇರುತ್ತಿದ್ದುದರಿಂದ ಆ ಹೆಸರು. ಕಳೆದ ವರ್ಷವಿಡೀ ಅದು ಒಂದೇ ಫೈಲು. ಅಕ್ಕಪಕ್ಕದ ಊರುಗಳು ಕೂಡಿ ಒಂದು ಉದ್ಯಮ ನಡೆಸಬಹುದೆಂದು ಹೊಸ ಕಾಯಿದೆ ಬಂದಿತ್ತು. ಅದಕ್ಕೆ ಮೊದಲು ಯಾವ ಪುರಸಭೆಯೂ ತನ್ನ ಗಡಿಯಾಚೆ ಒಂದು ಇಟ್ಟಿಗೆ ಇಡುವಂತಿರಲಿಲ್ಲ. ಗುಡ್ಡದ ಮೇಲಿನ ಊರು, ಹೊಳೆಯಾಚೆಯ ಊರು, ನಮ್ಮೂರು ಸೇರಿ ಹಣ್ಣಿಗೊಂದು ಕೋಲ್ಡ್ ಸ್ಟೋರೇಜ್ ಕಟ್ಟಬೇಕಿತ್ತು. ಇಲ್ಲದಿದ್ದರೆ ಹಣ್ಣು ಪ್ಯಾಕ್ ಮಾಡುವ ಶೆಡ್ಡು ಮುಚ್ಚುತ್ತಿತ್ತು. ಫೈಲಕ್ಕನ ತಂಗಿ ದುಡಿಯುತ್ತಿದ್ದುದು ಅಲ್ಲೇ. ಷರತ್ತು ಇಷ್ಟೇ: ವರ್ಷದೊಳಗೆ ಮೂರೂ ಪುರಸಭೆಗಳು ಒಂದಕ್ಷರವೂ ಬದಲಾಗದ ಒಂದೇ ಠರಾವು ಪಾಸು ಮಾಡಬೇಕು.

ಠರಾವಿನ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ತಕರಾರು ಮೊದಲ ಹೆಸರಿನದು. ಪ್ರತಿಯೊಂದು ಸಭೆಯೂ ತನ್ನ ಊರನ್ನು ಮುಂದಕ್ಕೆ ತಂದು ಪಾಸು ಮಾಡುತ್ತಿತ್ತು. ಇವಳು ಮತ್ತೆ ಬಸ್ಸು ಹತ್ತುತ್ತಿದ್ದಳು.

"ಏನಕ್ಕಾ, ಇವತ್ತು ಯಾವೂರು ಹಿರಿ ಸೊಸೆ?" ಎಂದು ಕಂಡಕ್ಟರ್ ಕೆಣಕುತ್ತಿದ್ದ.

"ಮೂವರೂ ಹಿರಿ ಸೊಸೆಯರೇ ಕಣಪ್ಪಾ. ಒಲೆ ಹಚ್ಚೋರು ಮಾತ್ರ ಯಾರೂ ಇಲ್ಲ."

ಗಡುವಿಗೆ ತಿಂಗಳು ಉಳಿದಿತ್ತು. ಒಂದು ಮಧ್ಯಾಹ್ನ ಅವಳು ಚಹಾ ಮುಗಿಸಿ, ಲೋಟ ಒರೆಸಿ, ಕಾಗದದ ಮೇಲೆ ಬೋರಲು ಹಾಕಿ, ಸುತ್ತ ನೀಲಿ ಶಾಯಿಯಲ್ಲಿ ಗೆರೆ ಎಳೆದಳು. ಗೆರೆಯುದ್ದಕ್ಕೂ ಮೂರು ಊರುಗಳ ಹೆಸರು ಬರೆದಳು. ಒಳಗೆ ಠರಾವು.

"ಈಗ ಹೇಳು, ಯಾವುದು ಮೊದಲು?"

"ಎಲ್ಲಿ ಕೂತಿದೀನಿ ಅನ್ನೋದರ ಮೇಲೆ," ಎಂದೆ.

"ಅಷ್ಟೇ ಮತ್ತೆ. ಅವರವರು ಕೂತಲ್ಲಿಂದ ಓದ್ಕೊಳ್ಳಲಿ."

ಪುರಸಭೆಯ ವಕೀಲರು ಹಾಳೆಯನ್ನು ಎರಡು ಸುತ್ತು ತಿರುಗಿಸಿ ನೋಡಿ, ಕಾಯಿದೆಯಲ್ಲಿ ಇದಕ್ಕೆ ಅಡ್ಡಿಯಿಲ್ಲ ಎಂದರು. ಇನ್ನೊಂದು ಪ್ರತಿ ಬೇಕಾದರೆ ಅಳತೆ ತಪ್ಪಬಾರದೆಂದು ಅವಳು ಆ ಲೋಟವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು. ತಿಂಗಳಿಡೀ ಚಹಾ ಕುಡಿದದ್ದು ನನ್ನ ಲೋಟದಲ್ಲಿ. ನಾನು ಗೊಣಗಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮಂಗಳವಾರ ಸಂಜೆ ಮೂರನೆಯ ಸಭೆ, ನಮ್ಮದೇ, ಪಾಸು ಮಾಡಿತು. ಗಡುವಿಗೆ ಎರಡೇ ದಿನ. ಅವಳು ತಂಗಿಗೆ ಫೋನು ಮಾಡಿ, "ಶೆಡ್ಡು ಮುಚ್ಚಲ್ಲ ಕಣೇ. ಅಳಬೇಡ, ಮೂಗು ಒರೆಸ್ಕೋ," ಎಂದಳು. ಆಮೇಲೆ ಡ್ರಾಯರು ತೆಗೆದು, ಲೋಟದ ಅಂಚಿಗೆ ಹತ್ತಿದ್ದ ನೀಲಿಯನ್ನು ಹೆಬ್ಬೆರಳಿನಿಂದ ಉಜ್ಜಿ ತೊಳೆದು, ಕೆಟಲಿನ ತಳದಲ್ಲಿ ಉಳಿದಿದ್ದ ಚಹಾವನ್ನು ನನ್ನ ಲೋಟಕ್ಕೂ ತನ್ನ ಲೋಟಕ್ಕೂ ಸರಿಸಮ ಬಗ್ಗಿಸಿದಳು.