ಮಾರಪ್ಪನ ನಲವತ್ತು ಮರ

ನನ್ನ ಬಾಯಿ ಒರಟು. ಎನ್.ಆರ್.ಪುರ ಬಸ್ ಸ್ಟ್ಯಾಂಡಿನ ಸುತ್ತಮುತ್ತ ಯಾರನ್ನು ಬೇಕಾದ್ರೂ ಕೇಳಿ, ಮೊಬೈಲ್ ರಿಪೇರಿ ಮುಷರಫನಾ, ಕೆಲಸ ಚೆನ್ನಾಗಿ ಮಾಡ್ತಾನೆ, ಆದ್ರೆ ಬೈತಾನೆ ಅಂತಾರೆ. ಬೈಯದೆ ಎಂತ ಮಾಡೋದು? ಫೋನನ್ನ ನೀರಿಗೆ ಬೀಳಿಸಿಕೊಂಡು ಬಂದು "ಏನೂ ಮಾಡಿಲ್ಲಣ್ಣ, ತಾನಾಗೇ ಆಫ್ ಆಯ್ತು" ಅಂತ ಹೇಳಿದ್ರೆ ನನಗೆ ಮೈಯೆಲ್ಲ ಉರಿಯುತ್ತೆ. ಸುಳ್ಳು ಕಂಡ್ರೆ ನನಗಾಗಲ್ಲ. ಹೀಗೆ ಹೇಳಿಕೊಂಡು ಇಪ್ಪತ್ತು ವರ್ಷ ಅಂಗಡಿ ನಡೆಸಿದ ನಾನೇ, ನನ್ನ ಜೊತೆ ಏಳನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತ ಮಾರಪ್ಪನಿಗೆ ಮೂರು ತಿಂಗಳು ದಿನಾ ಬೆಳಿಗ್ಗೆ ಸುಳ್ಳು ಹೇಳಿದೆ. ಅದೂ ಒಂದು ಮಷೀನಿನ ಕೈಲಿ ಹೇಳಿಸಿದೆ.

ಮಾರಪ್ಪ ಮುತ್ತಿನಕೊಪ್ಪದವನು. ಕೊನೆಗಾರ, ಅಂದ್ರೆ ಅಡಿಕೆ ಮರ ಹತ್ತಿ ಕೊನೆ, ಅಂದ್ರೆ ಅಡಿಕೆ ಗೊನೆ, ಕೊಯ್ದು ಇಳಿಸುವವನು. ಹದಿನಾರಕ್ಕೆ ಕಾಲಿಗೆ ತಳೆ ಹಾಕಿದ. ತಳೆ ಅಂದ್ರೆ ಎರಡೂ ಪಾದ ಸೇರಿಸಿ ಹಾಕಿಕೊಳ್ಳುವ ಹಗ್ಗದ ಬಳೆ, ಮರಕ್ಕೆ ಕಾಲು ಕಚ್ಚಿ ನಿಲ್ಲಲಿಕ್ಕೆ. ಒಳ್ಳೆ ಕೊನೆಗಾರ ಒಂದೊಂದು ಮರಕ್ಕೂ ಹತ್ತಿ ಇಳಿದು ಮಾಡಲ್ಲ. ತುದಿಯಲ್ಲೇ ಮರವನ್ನ ತೂಗಿ, ಬಗ್ಗಿಸಿ, ಪಕ್ಕದ ಮರ ಹಿಡಿದು ದಾಟ್ತಾನೆ. ಮಾರಪ್ಪ ಮೇಲೆ ಹೋದ್ರೆ ಹತ್ತು ಹನ್ನೆರಡು ಮರ ಮುಗಿಸಿಯೇ ನೆಲ ಮುಟ್ಟೋದು. ಬೆಳಗಿನ ತಿಂಡಿಗೆ ಮೊದಲು ನಲವತ್ತು ಮರ. ಅದು ಅವನ ಲೆಕ್ಕ. ನಲವತ್ತು ಆಗದೆ ತಿಂಡಿಗೆ ಕೂತವನಲ್ಲ ಪುಣ್ಯಾತ್ಮ. ನಾನು ಎಷ್ಟೋ ಸಲ ಬೈದಿದ್ದೀನಿ, "ಹೊಟ್ಟೆಗೆ ಹಾಕ್ಕೊಂಡು ಹತ್ತೋ, ಮರ ಎಲ್ಲಿಗೂ ಓಡಿಹೋಗಲ್ಲ" ಅಂತ. ನಗ್ತಿದ್ದ.

ಎರಡು ವರ್ಷದ ಹಿಂದೆ ಕೊಯ್ಲಿನಲ್ಲಿ ದಾಟುವಾಗ ಹಿಡಿದ ಮರದ ತಲೆ ಒಳಗೇ ಕೊಳೆತಿತ್ತು. ಮುರೀತು. ತೊಡೆ ಮೂಳೆ ಎರಡು ತುಂಡು, ಎಡಗಡೆ ಹೆಗಲು ಹೋಯ್ತು. ಶಿವಮೊಗ್ಗದಲ್ಲಿ ರಾಡ್ ಹಾಕಿದರು. ಜೀವ ಉಳೀತಲ್ಲ ಅಂತ ಎಲ್ಲರೂ ಹೇಳಿದರು. ಮಾರಪ್ಪ ಮಾತ್ರ ಹೇಳಲಿಲ್ಲ. ಆರು ತಿಂಗಳು ಮಲಗಿ, ಆಮೇಲೆ ಕೋಲು ಹಿಡಿದು ಎದ್ದು, ಜಗುಲಿ ಮೇಲೆ ಕೂತ. ಇಪ್ಪತ್ತೈದು ವರ್ಷ ಯಾರ ತೋಟಕ್ಕೆ ಹೋಗ್ತಿದ್ದನೋ ಆ ಸುಂದರೇಶಣ್ಣ ಬಂದು, "ನಿನ್ನ ಮರದ ಸಾಲು ನಿನಗೇ ಮಾರಪ್ಪ. ಹತ್ತೋ ಹಾಗಾದ ದಿನ ಬಾ" ಅಂದು ಹೋದರು. ಅವನ ಸಾಲನ್ನ ಅಷ್ಟರವರೆಗೆ ಲೋಕೇಶ ನೋಡಿಕೊಳ್ಳೋದು ಅಂತಾಯ್ತು. ಲೋಕೇಶನಿಗೆ ಮರ ಹತ್ತೋದು ಕಲಿಸಿದ್ದೇ ಮಾರಪ್ಪ. ಈಗ ಲೋಕೇಶ ಹತ್ತೋದೂ ಇಲ್ಲ, ಉದ್ದನೆ ಫೈಬರ್ ದೋಟಿ ಹಿಡಿದು ನೆಲದಲ್ಲೇ ನಿಂತು ಕೊಯ್ತಾನೆ. "ಹೂ ಕೊಯ್ದ ಹಾಗೆ ಕೊನೆ ಕೊಯ್ತಾನೆ, ಥೂ" ಅಂತಿದ್ದ ಮಾರಪ್ಪ. ಅವನಿಗೆ ಮತ್ತೆ ಮರ ಹತ್ತಬೇಕಿತ್ತು. ಬೇರೆ ಏನೂ ಬೇಕಿರಲಿಲ್ಲ.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ದಿವ್ಯ ಅನ್ನೋ ಹುಡುಗಿ ಹೇಳಿದ್ದಳಂತೆ, ಕೂತಲ್ಲೇ ದೋಣಿ ಹುಟ್ಟು ಹಾಕಿದ ಹಾಗೆ ಎಳೆಯೋ ಮಷೀನ್ ಬರುತ್ತೆ, ಕಾಲಿಗೆ ಭಾರ ಬೀಳದೆ ಕೈ ಕಾಲು ಬೆನ್ನು ಎಲ್ಲ ಒಟ್ಟಿಗೆ ದುಡಿಯುತ್ತೆ, ನಿಧಾನಕ್ಕೆ ಹತ್ತು ನಿಮಿಷ ಮಾಡಿದ್ರೆ ಒಳ್ಳೇದು ಅಂತ. ಹೇಳಲಿಕ್ಕೆ ಸುಲಭ. ಆದ್ರೆ ನೋಡಿ, ಅಂಥದ್ದೇ ಒಂದು ನನ್ನ ಅಂಗಡಿ ಹಿಂದೆ ಬಿದ್ದಿತ್ತು! ಕೊಪ್ಪದ ಕಡೆ ಒಂದು ಹೋಂಸ್ಟೇಯವರು ರಿಪೇರಿಗೆ ತಂದಿಟ್ಟು, ಅಷ್ಟರಲ್ಲಿ ಹೋಂಸ್ಟೇ ಮುಚ್ಚಿ, "ನೀವೇ ಇಟ್ಕೊಳ್ಳಿ" ಅಂದುಬಿಟ್ಟಿದ್ದರು. ಡಿಸ್‌ಪ್ಲೇ ಸತ್ತಿತ್ತು. ಒಂದು ವಾರ ಕೂತು ಜೀವ ಬರಿಸಿ, ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋಗಿ ಅವನ ಜಗುಲಿಯಲ್ಲಿ ಇಳಿಸಿದೆ. ಹಳಿಯ ಮೇಲೆ ಜಾರುವ ಸೀಟು, ಪಾದಕ್ಕೆ ಪಟ್ಟಿ, ಎಳೆಯಲಿಕ್ಕೆ ಹಿಡಿ. ಪಾದದ ಪಟ್ಟಿ ಬಿಗಿದದ್ದೇ ಮಾರಪ್ಪ ಅಂದ, "ಮಾರಾಯ, ಇದು ತಳೆ ಹಾಕಿದ ಹಾಗೇ ಇದೆ!"

ಆ ಮಷೀನಿನಲ್ಲಿ ಮೊದಲೇ ಹಾಕಿದ ಪ್ರೋಗ್ರಾಂ ಹನ್ನೆರಡಿತ್ತು. ಗುಡ್ಡ ಹತ್ತೋದಂತೆ, ನದಿಯಂತೆ, ಕೊಬ್ಬು ಇಳಿಸೋದಂತೆ. ಮಾರಪ್ಪನ ಮೈಯಲ್ಲಿ ಕೊಬ್ಬೆಲ್ಲಿಂದ ಬರಬೇಕು! ಎರಡು ದಿನ ಎಳೆದು, "ನಿಮಿಷ ನಂಗೆ ಅರ್ಥ ಆಗಲ್ಲ ಮುಷರಫ್. ಮರದ ಲೆಕ್ಕ ಹಾಕಿ ಕೊಡು" ಅಂದ. ಫೋನಿನ ಆ್ಯಪಿನಿಂದ ನಮಗೆ ಬೇಕಾದ ಹಾಗೆ ಪ್ರೋಗ್ರಾಂ ಮಾಡಿ ಮಷೀನಿಗೆ ಕಳಿಸಬಹುದು. ನಾನು ಫೋನ್ ಹಿಡಿದು ಕೂತೆ. ಅವನು ಕಣ್ಣು ಮುಚ್ಚಿ ಹೇಳ್ತಾ ಹೋದ.

"ಬುಡದಿಂದ ಹದಿನೈದು ಎಳೆತ. ಭಾರ ನಾಲ್ಕಕ್ಕಿಡು. ನಡುಮರ ಸುಮ್ಮನೆ ಹೋಗುತ್ತೆ, ಅಲ್ಲಿ ಹದಿನೈದು. ತುದೀಲಿ ಮರ ಸಪೂರ ಆಗುತ್ತೆ, ತೂಗುತ್ತೆ, ಮೇಲೆ ಕೈ ಕಚ್ಕೊಳ್ಳುತ್ತೆ. ಅಲ್ಲಿ ಹತ್ತು, ಭಾರ ಎಂಟು."

"ಆಮೇಲೆ?"

"ಆಮೇಲೆ ಕೊನೆ ಕೊಯ್ಯೋದು. ಎಳೆತ ಇಲ್ಲ, ಇಪ್ಪತ್ತು ಎಣಿಸೋಷ್ಟು ಹೊತ್ತು. ಆಮೇಲೆ ದಾಟೋದು." ಅಷ್ಟು ಹೇಳಿ ಎಡ ಹೆಗಲು ಉಜ್ಜಿಕೊಂಡ. ಆಮೇಲೆ "ದಾಟೋದಕ್ಕೆ ಐದು ಎಳೆತ. ಭಾರ ಎಷ್ಟಿದೆಯೋ ಅಷ್ಟೂ ಹಾಕು" ಅಂದ.

ಒಂದು ಮರ ಮುಗಿದ್ರೆ ಒಂದು ಬೀಪ್. ಪರದೆ ಮೇಲೆ ಕನ್ನಡದಲ್ಲೇ ಮರ ಒಂದು, ಮರ ಎರಡು ಅಂತ ಬರೋ ಹಾಗೆ ಮಾಡಿದೆ. ನಲವತ್ತರವರೆಗೆ. ಪ್ರೋಗ್ರಾಮಿಗೆ ಹೆಸರು ಕೇಳ್ತು, "ಸುಂದರೇಶಣ್ಣನ ತೋಟ" ಅಂತ ಹಾಕಿದೆ. ದಿವ್ಯ ಹೇಳಿದ್ದು ಹತ್ತು ನಿಮಿಷ, ನಿಧಾನಕ್ಕೆ. ಅದು ಇಬ್ಬರಿಗೂ ನೆನಪಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ.

ಮೊದಲ ದಿನ ನಾಲ್ಕು ಮರ. ಒಂದು ತಿಂಗಳಿಗೆ ಒಂಬತ್ತು. ಒಂಬತ್ತಕ್ಕೆ ನಿಂತುಬಿಡ್ತು. ಹತ್ತನೇ ಮರದ ತುದಿಗೆ ಬಂದ ಕೂಡ್ಲೆ ಎಡಗೈ ಬಿಟ್ಟುಹೋಗ್ತಿತ್ತು, ಹಿಡಿ ಕೈ ತಪ್ಪಿ ಸರ್ರನೆ ಹಿಂದೆ ಹೋಗ್ತಿತ್ತು, ಪರದೆ ಮೇಲೆ ಕೆಂಪು ಗುರುತು. ಒಂದು ದಿನ ಅಲ್ಲ, ಎರಡು ತಿಂಗಳು.

ಒಂದು ಬೆಳಿಗ್ಗೆ ಅವನ ಹೆಂಡತಿ ಯಲ್ಲಕ್ಕ ಮೊದಲ ಬಸ್ಸಿಗೆ ನನ್ನ ಅಂಗಡಿಗೆ ಬಂದಳು. ಶಟರ್ ಇನ್ನೂ ಪೂರ್ತಿ ಎತ್ತಿರಲಿಲ್ಲ.

"ಮುಷರಫಣ್ಣ, ಆ ಮಷೀನಿಗೆ ಎಂತಾದ್ರೂ ಮಾಡು."

"ಎಂತ ಆಯ್ತು? ಹಾಳಾಯ್ತಾ?"

"ಅದು ಹಾಳಾಗಿದ್ರೆ ಒಳ್ಳೇದಿತ್ತು. ಕೆಂಪು ಬಂದ ದಿನ ಇವ್ರು ಊಟ ಮಾಡಲ್ಲ. ಹೆಗಲ ಮೇಲಿನ ಬೈರಾಸು ಬಾಯಿಗೆ ತುರುಕ್ಕೊಂಡು ಅಳ್ತಾರೆ, ನನಗೆ ಕೇಳಬಾರದು ಅಂತ." ಆಮೇಲೆ ಧ್ವನಿ ತಗ್ಗಿಸಿದಳು. "ನಿನ್ನೆ ಕೊನೆ ಇಳಿಸೋ ಹಗ್ಗ ಕೈಯಲ್ಲಿ ಹಿಡ್ಕೊಂಡು ಕೊಟ್ಟಿಗೇಲಿ ಕೂತಿದ್ರು. ಎಂತ ಮಾಡ್ತೀರಿ ಅಂದೆ. ಏನಿಲ್ಲ ಅಂದ್ರು. ನಂಗೆ ಹೆದ್ರಿಕೆ ಆಗುತ್ತಣ್ಣ. ಸ್ವಲ್ಪ ಹಗುರ ಮಾಡು. ಅವ್ರಿಗೆ ಗೊತ್ತಾಗದ ಹಾಗೆ."

ಯಾ ಅಲ್ಲಾ, ನಾನು ಯಾರಿಗೆ ಬೈಯಲಿ? ಅವತ್ತೇ ಹೋದೆ. ಅಪ್‌ಡೇಟ್ ಮಾಡಬೇಕು ಅಂತ ಹೇಳಿ ಭಾರದ ಅಂಕಿ ಪರದೆ ಮೇಲೆ ಕಾಣದ ಹಾಗೆ ಮಾಡಿದೆ. ಎಂಟನ್ನ ಆರಕ್ಕೆ ಇಳಿಸಿದೆ. ಮಾರನೇ ದಿನ ಹನ್ನೊಂದು ಮರ! ಹತ್ತು ದಿನ ಬಿಟ್ಟು ಐದು, ಆಮೇಲೆ ನಾಲ್ಕು. ಒಂದು ಮರಕ್ಕೆ ನಲವತ್ತೈದು ಎಳೆತ ಇದ್ದದ್ದು ಮೂವತ್ತು, ಇಪ್ಪತ್ತು ಆಯ್ತು. ಅವನು ಎಳೆತ ಎಣಿಸುವವನಲ್ಲ, ಬೀಪ್ ನಂಬಿದವನು.

"ಮುಷರಫ್, ಹಗುರ ಆಗ್ತಿದೆ ಮಾರಾಯ!"

"ನಿನ್ನ ಮೈಗೆ ಬಲ ಬರ್ತಿದೆ ಕಣೋ" ಅಂದೆ.

ಅವನ ಮುಖ ನೀವು ನೋಡಬೇಕಿತ್ತು. ಗಡ್ಡ ತೆಗೆದ. ಕೋಲು ಬಿಟ್ಟ. ಗಣಪತಿ ಹಬ್ಬದ ದಿನ ಕೂತ ಕಡೆಯೇ ಎಂಟು ಕಡುಬು ತಿಂದ ಅಂತ ಯಲ್ಲಕ್ಕ ಫೋನ್ ಮಾಡಿ ಹೇಳಿದಳು, ಅವಳ ನಗು ಎಷ್ಟು ದಿನದ ಮೇಲೆ ಕೇಳಿದ್ದು ನಾನು! ಹಬ್ಬ ಕಳೆದು ವಾರಕ್ಕೆ ನಲವತ್ತು ಮರ ಮುಗಿಸಿದ. ನನಗೆ ಖುಷಿಯೇ ಆಯ್ತು, ಸುಳ್ಳು ಹೇಳಲ್ಲ. ಮಷೀನಿನಲ್ಲಿ ಹತ್ತಿ ಮಷೀನಿನಲ್ಲೇ ಇರ್ತಾನೆ ಅಂದುಕೊಂಡಿದ್ದೆ. ನನ್ನಂಥ ಪೆದ್ದ ಈ ತಾಲ್ಲೂಕಿನಲ್ಲಿಲ್ಲ.

ಕೊಯ್ಲು ಶುರುವಾದಾಗ ಯಾರಿಗೂ ಹೇಳದೆ ಹೋಗಿ ಸುಂದರೇಶಣ್ಣನ ಹತ್ರ ಮಾತಾಡಿ ಬಂದಿದ್ದ. ನನಗೆ ಫೋನ್ ಮಾಡಿದ. "ನಾಳೆ ಬೆಳಿಗ್ಗೆ ತೋಟಕ್ಕೆ ಬಾ. ನಿನ್ನ ಮಷೀನಿನ ಕೆಲಸ ನೀನೇ ನೋಡಬೇಕು."

ಅವತ್ತು ಸಂಜೆಯೇ ಅವನ ಮನೆಗೆ ಹೋದೆ, ಹೇಳಿಬಿಡೋಣ ಅಂತ. ಅವನು ಜಗುಲಿಯಲ್ಲಿ ಕೂತು ಹೊಸ ತಳೆ ಹೊಸೀತಿದ್ದ. ಬಾಯಲ್ಲಿ ಏನೋ ಗುನುಗ್ತಿದ್ದ. ಒಳಗೆ ಹೋಗಿ ಯಲ್ಲಕ್ಕನಿಗೆ "ಹೇಳೋಣ" ಅಂದೆ. ಅವಳು ಸೆರಗು ಬಾಯಿಗೆ ಹಿಡಿದು, "ಒಂದು ಮರ ಹತ್ತಿ, ಆಗಲ್ಲ ಅಂತ ಕಂಡ್ರೆ ತಾವೇ ಇಳೀತಾರೆ ಬಿಡಣ್ಣ" ಅಂದಳು. ಊರಿಗೆಲ್ಲ ಬೈಯುವ ನಾನು ಕಾಫಿ ಕುಡಿದು, ಹೇಳದೆ ಎದ್ದು ಬಂದೆ.

ಬೆಳಿಗ್ಗೆ ಅವನು ತಿಂಡಿ ತಿನ್ನದೆ ಬಂದಿದ್ದ, ಹಿಂದೆಯೇ ಯಲ್ಲಕ್ಕನೂ ಬಂದಿದ್ದಳು. ಮರ ಮುಟ್ಟಿ ಕಣ್ಣಿಗೊತ್ತಿಕೊಂಡ, ತಳೆ ಹಾಕಿದ, ಹತ್ತಿದ. ಬುಡ ಚೆನ್ನಾಗೇ ಹೋದ. ನಡುಮರ ಸುಮ್ಮನೆ ಹೋದ. ಸುಂದರೇಶಣ್ಣ ನನ್ನ ಬೆನ್ನು ತಟ್ಟಿ "ಶಭಾಷ್" ಅಂದ್ರು. ಆಮೇಲೆ ಮರ ಸಪೂರ ಆಗೋ ಜಾಗ ಬಂತು. ಅಲ್ಲಿ ನಿಂತ.

ಅಡಿಕೆ ಕೊನೆ ಇನ್ನೂ ಒಂದಾಳು ಎತ್ತರದಲ್ಲಿತ್ತು. ಅವನು ಮರ ತಬ್ಬಿಕೊಂಡು ಕೆನ್ನೆ ಒತ್ತಿ ನಿಂತುಬಿಟ್ಟ. ಎಡಗೈ ಮೇಲಕ್ಕೆ ಹೋಗಲೇ ಇಲ್ಲ. "ಇಳಿಯೋ ಮಾರಪ್ಪ" ಅಂತ ಕೂಗಿದೆ. ಅವನು ಇಳಿಯಲೂ ಇಲ್ಲ, ಹತ್ತಲೂ ಇಲ್ಲ. ಅಡಿಕೆ ಮರಕ್ಕೆ ಕೊಂಬೆ ಇಲ್ಲ, ಕೈ ಬಿಟ್ರೆ ನೆಲವೇ. ಲೋಕೇಶ ದೋಟಿ ಬಿಸಾಕಿ, ಯಾರದ್ದೋ ತಳೆ ಹಾಕಿಕೊಂಡು ಅದೇ ಮರ ಹತ್ತಿದ. ತನ್ನ ಹೆಗಲ ಮೇಲೆ ಮಾರಪ್ಪನ ಪಾದ ಇಡಿಸಿಕೊಂಡು, "ಬಿಡಿ ಮಾವ, ಸ್ವಲ್ಪ ಬಿಡಿ, ನಾನಿದ್ದೀನಿ" ಅಂತ ಮಕ್ಕಳಿಗೆ ಹೇಳಿದ ಹಾಗೆ ಹೇಳ್ತಾ, ಗೇಣು ಗೇಣು ಇಳಿಸಿದ. ಇಳಿದಾಗ ಮಾರಪ್ಪನ ಚಡ್ಡಿ ಒದ್ದೆಯಾಗಿತ್ತು. ಎಲ್ಲರೂ ನೋಡಿದರು, ಯಾರೂ ನೋಡದವರ ಹಾಗೆ ನಿಂತರು. "ಪಿತ್ತ ಇರಬೇಕು. ಬರೀ ಹೊಟ್ಟೇಲಿ ಹತ್ತಿದ್ದಾನೆ" ಅಂದರು ಸುಂದರೇಶಣ್ಣ. ಯಲ್ಲಕ್ಕ ಅದನ್ನೇ ಹಿಡಿದುಕೊಂಡು, "ಹೌದೌದು, ಪಿತ್ತ" ಅಂತ ಎರಡು ಮೂರು ಸಲ ಅಂದಳು. ಮಾರಪ್ಪ ತಳೆ ಬಿಚ್ಚಿ ಲೋಕೇಶನ ಕೈಗೆ ಕೊಟ್ಟು ಮನೆ ಕಡೆ ನಡೆದ.

ಹದಿನೈದು ದಿನದ ಮೇಲೆ ಅಂಗಡಿಗೆ ಬಂದ. ಸ್ಟೂಲ್ ಮೇಲೆ ಕೂತ. ಗಿರಾಕಿಗಳೆಲ್ಲ ಹೋದ ಮೇಲೆ ಕೇಳಿದ.

"ಮುಷರಫ್, ನಿಜವಾಗಿ ಎಷ್ಟು ಮರ?"

ಸ್ಕ್ರೂಡ್ರೈವರ್ ಕೆಳಗಿಟ್ಟೆ. "ಒಂಬತ್ತು."

"ನಲವತ್ತು ಆದ ದಿನ?"

"ಅವತ್ತೂ ಒಂಬತ್ತೇ."

ತಲೆ ಅಲ್ಲಾಡಿಸಿದ. "ಅವಳು ಹೇಳಿ ಮಾಡಿಸಿದ್ದಾ?"

"ಇಲ್ಲ, ಇಲ್ಲ. ನಂದೇ ತಲೆ. ತಪ್ಪಾಯ್ತೋ ಮಾರಪ್ಪ. ಹೊಡಿ ಬೇಕಾದ್ರೆ."

"ಸುಳ್ಳು ಹೇಳೋವಾಗ ನೀನು ಬೈಯಲ್ಲ ಮಾರಾಯ. ಅದ್ರಲ್ಲೇ ಗೊತ್ತಾಗುತ್ತೆ" ಅಂದ. ಕೋಪ ಇರಲಿಲ್ಲ ಅವನಿಗೆ. ಇದ್ದಿದ್ರೆ ನಾನು ಬದುಕ್ತಿದ್ದೆ. ಹೊರಗೆ ಶೃಂಗೇರಿ ಬಸ್ಸು ಹಾರ್ನ್ ಹೊಡೀತಿತ್ತು, ಅದು ಹೋಗೋವರೆಗೆ ಕಾದು ಹೇಳಿದ. "ಹಗ್ಗ, ಕತ್ತಿ ಎಲ್ಲ ಅಡಗಿಸಿಟ್ಟಿದ್ದಾಳೆ. ನಾನು ರಾತ್ರಿ ಮಗ್ಗುಲು ಬದಲಿಸಿದ್ರೆ ಅವಳು ಎದ್ದು ಕೂರ್ತಾಳೆ. ಈ ಎರಡು ವರ್ಷದಲ್ಲಿ ಅವಳು ಕಣ್ತುಂಬ ನಿದ್ದೆ ಮಾಡಿದ್ದು ಆ ಮೂರು ತಿಂಗಳು ಮಾತ್ರ, ಗೊತ್ತಾ? ನಲವತ್ತು ಹಾಗೇ ಇರ್ಲಿ. ನನಗೆ ಗೊತ್ತಾಯ್ತು ಅಂತ ಅವಳಿಗೆ ಹೇಳಬೇಡ."

"ಆಯ್ತು."

"ಇನ್ನೊಂದು. ಅವತ್ತಿಂದ ಕೈ ಇನ್ನೂ ಸೋತಿದೆ. ನಿನ್ನ ಸುಳ್ಳು ನಲವತ್ತೂ ಎಳೆಯಲಿಕ್ಕೆ ಆಗ್ತಿಲ್ಲ ಈಗ. ಇನ್ನೂ ಹಗುರ ಮಾಡಿ ಕೊಡು."

ಮಾರನೇ ದಿನ ಬೆಳಿಗ್ಗೆ ಹೋದೆ. ಭಾರ ಒಂದಕ್ಕೆ ಇಳಿಸಿದೆ. ಅದಕ್ಕಿಂತ ಕೆಳಗೆ ಆ ಮಷೀನಿನಲ್ಲಿ ಇಲ್ಲ. ಒಂದು ಮರಕ್ಕೆ ಆರು ಎಳೆತ. ಮಾರಪ್ಪ ಪಾದಕ್ಕೆ ಪಟ್ಟಿ ಬಿಗಿದು ಎಳೀತಾ ಹೋದ, ಬೀಪ್ ಬರ್ತಾ ಹೋಯ್ತು, ಮುಖದಲ್ಲಿ ಬೆವರಿಲ್ಲ. ಆದ್ರೂ ದೊಡ್ಡದಾಗಿ ಉಸಿರು ಬಿಡ್ತಿದ್ದ, ಒಳಗೆ ಕೇಳೋ ಹಾಗೆ.

"ಎಷ್ಟಾಯ್ತ್ರೀ?" ಒಲೆ ಹತ್ರದಿಂದ ಯಲ್ಲಕ್ಕ ಕೂಗಿದಳು.

"ನಲವತ್ತು" ಅಂತ ಅವನೂ ಕೂಗಿದ.

ಅವಳು ಕಾಫಿ ತಂದು ನನ್ನ ಕೈಗಿಟ್ಟು, ಅವನಿಗೆ ಕಾಣದ ಹಾಗೆ ಕೈ ಮುಗಿದಳು. ಆಮೇಲೆ ಅವನಿಗೆ ಕೇಳೋ ಹಾಗೆ ಗಟ್ಟಿಯಾಗಿ, "ಮುಂದಿನ ಕೊಯ್ಲಿಗೆ ಹತ್ತಬಹುದು, ಅಲ್ವಾ ಮುಷರಫಣ್ಣ?" ಅಂದಳು.

ಮಾರಪ್ಪ ನನ್ನನ್ನೇ ನೋಡ್ತಿದ್ದ.

"ಹತ್ತಬಹುದು" ಅಂದೆ.